ಚೌಕ ಬರೆಯದೆ ಮದುವೆಯಿಲ್ಲ: ವಾರ್ಲಿ ಗೋಡೆಯ ಅಕ್ಕಿಹಿಟ್ಟಿನ ಗೆರೆ

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ವೇದಿಕೆಯ ಮೇಲೆ ಎರಡು ಚಿತ್ರಗಳನ್ನು ತೂಗುಹಾಕಿದೆ. ಎಡಗಡೆಯದು ನಿಮಗೆಲ್ಲ ಪರಿಚಯದ್ದೇ. ಕೆಂಪು ನೆಲ, ಬಿಳಿ ಗೆರೆ, ಸುರುಳಿಯಾಗಿ ಕೈ ಹಿಡಿದು ಕುಣಿಯುವ ಪುಟ್ಟ ಮನುಷ್ಯರು, ಮಧ್ಯದಲ್ಲಿ ಉದ್ದನೆಯ ವಾದ್ಯ ಊದುತ್ತಿರುವ ಒಬ್ಬ. ಬೆಂಗಳೂರಿನ ಕಾಂಪೌಂಡು ಗೋಡೆ, ಹೋಟೆಲು, ಟ್ರೇ, ಕುರ್ತಾ, ಮೊಬೈಲ್ ಕವರು, ಎಲ್ಲ ಕಡೆ ನೋಡಿರುತ್ತೀರಿ. ಬಲಗಡೆಯದನ್ನು ನಿಮ್ಮಲ್ಲಿ ಬಹಳ ಜನ ಇವತ್ತೇ ಮೊದಲು ನೋಡುತ್ತಿರಬಹುದು. ಅದೊಂದು ಚೌಕ. ನಾಲ್ಕೂ ಬದಿಗೆ ಒಂದರೊಳಗೊಂದು ಅಂಚಿನ ಪಟ್ಟಿಗಳು, ನಡುವೆ ಕೈಕಾಲು ಚಾಚಿ ನಿಂತ ಒಂದು ಆಕೃತಿ, ಪಕ್ಕದಲ್ಲಿ ಬಾಚಣಿಗೆ, ಏಣಿ, ಮೇಲೆ ಸೂರ್ಯ, ಚಂದ್ರ.

ಎರಡೂ ಮಹಾರಾಷ್ಟ್ರ–ಗುಜರಾತ್ ಗಡಿಯ ವಾರ್ಲಿ ಎಂಬ ಆದಿವಾಸಿಗಳ ಚಿತ್ರಗಳು. ವಾರ್ಲಿಗಳ ಮನೆಯಲ್ಲಿ ಎಡಗಡೆಯ ಚಿತ್ರವಿಲ್ಲದೆ ಮದುವೆ ನಡೆದೀತು. ಬಲಗಡೆಯದಿಲ್ಲದೆ ನಡೆಯುವುದಿಲ್ಲ.

ಎಡಗಡೆಯ ಚಿತ್ರವೂ ವಾರ್ಲಿಗಳದೇ, ಚೆಂದದ್ದೇ. ಆದರೆ ಹೊರಗಿನ ನಾವು ಈ ಕಲೆಯ ಅಂಚನ್ನು ಕಲಿತು ನಡುವನ್ನು ಬಿಟ್ಟಿದ್ದೇವೆ. ಬಣ್ಣ ಯಾಕೆ ಎರಡೇ, ಗೆರೆ ಯಾಕೆ ಹಾಗೆ, ಬರೆಯುವ ಹಕ್ಕು ಯಾರದು ಎಂಬುದೆಲ್ಲ ಚೌಕದಿಂದಲೇ ಹೊರಡುವ ಮಾತು. ನಾನೂ ಅಲ್ಲಿಂದಲೇ ಶುರುಮಾಡುತ್ತೇನೆ.

ಮೊದಲು ಊರು ಯಾವುದು ಎಂದು ನೋಡೋಣ. ಮುಂಬೈಯಿಂದ ಗುಜರಾತಿನ ಕಡೆ ಹೋಗುವ ರೈಲು ಹಿಡಿದು ಸುಮಾರು 120 ಕಿ.ಮೀ. ಹೋದರೆ ಡಹಾಣೂ ಸಿಗುತ್ತದೆ. ಡಹಾಣೂ, ತಲಾಸರಿ, ಜವ್ಹಾರ್, ಮೊಖಾಡಾ, ವಿಕ್ರಮಗಡ, ಇವೆಲ್ಲ 2014ರಲ್ಲಿ ಠಾಣೆಯಿಂದ ಬೇರೆಯಾದ ಪಾಲ್ಘರ್ ಜಿಲ್ಲೆಯ ತಾಲ್ಲೂಕುಗಳು. ಗಡಿಯಾಚೆ ಗುಜರಾತಿನ ಉಂಬರ್‌ಗಾಂವ್‌ನಲ್ಲೂ ದಾದ್ರಾ ನಗರ್ ಹವೇಲಿಯಲ್ಲೂ ವಾರ್ಲಿಗಳಿದ್ದಾರೆ. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸಹ್ಯಾದ್ರಿ. ಜೂನ್ ಬಂತೆಂದರೆ ಜಡಿಮಳೆ, ಮಳೆ ನಂಬಿದ ಭತ್ತದ ಗದ್ದೆ, ಹಳ್ಳದ ಮೀನು, ತಾಳೆಮರದ ಸೇಂದಿ, ಕಾಡಿನ ಸೌದೆ. ಕರಾವಳಿ, ಮಲೆನಾಡಿನವರಿಗೆ ಈ ಬದುಕನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರ ಮಾತು ಮರಾಠಿ–ಕೊಂಕಣಿ ಬಳಗದ್ದು, ಅದಕ್ಕೆ ಸ್ವಂತ ಲಿಪಿಯಿಲ್ಲ. ಊರೆಂದರೆ ಬೇರೆ ಬೇರೆ ಪಾಡಾಗಳು, ಅಂದರೆ ಹತ್ತಿಪ್ಪತ್ತು ಮನೆಗಳ ಕೇರಿಗಳು.

ಆ ಮನೆಗಳಲ್ಲೊಂದರಲ್ಲಿ ಮದುವೆ ಗೊತ್ತಾಯಿತು ಎನ್ನಿ. ಒಳಕೋಣೆಯ ಒಂದು ಗೋಡೆಗೆ ಹೊಸದಾಗಿ ಸಗಣಿ, ಮಣ್ಣು ಸಾರಿಸಿ, ಮೇಲೆ ಗೇರೂ ಬಳಿಯುತ್ತಾರೆ. ಗೇರೂ ಎಂದರೆ ನಮ್ಮ ಜಾಜು, ಕೆಮ್ಮಣ್ಣು. ಅದು ಒಣಗಿದ ಮೇಲೆ ಸವಾಸಿನಿಯರು, ಅಂದರೆ ಮುತ್ತೈದೆಯರು, ಚೌಕ ಬರೆಯಲು ಕೂರುತ್ತಾರೆ. ಗಂಡಸರು ಈ ಕೆಲಸ ಮಾಡುವುದಿಲ್ಲ. ದೊಡ್ಡ ಚೌಕ ಲಗ್ನಚೌಕ. ಅದರ ನಡುವೆ ಕೂರುವವಳು ಪಾಲಘಟ ದೇವಿ, ಫಲದ ತಾಯಿ, ಗಿಡಮರ, ಬೆಳೆ, ಸಂತಾನ ಎಲ್ಲಕ್ಕೂ ಒಡತಿ. ಹಸಿರು ತುಂಬಿ ತುಳುಕುವ ಗಡಿಗೆ ಎಂದು ಆ ಹೆಸರಿಗೆ ಅರ್ಥ ಹೇಳುತ್ತಾರೆ. ಪಕ್ಕದಲ್ಲಿ ಇನ್ನೊಂದು ಚಿಕ್ಕ ಚೌಕ, ದೇವಚೌಕ. ಅದರೊಳಗೆ ಪಂಚಶಿರ್ಯಾ. ಇವನಿಗೆ ತಲೆಯಿಲ್ಲ. ಕುದುರೆಯ ಮೇಲೋ ಕುದುರೆಯ ಪಕ್ಕದಲ್ಲೋ ಇರುವ ವೀರ, ಕತ್ತಿನಿಂದ ಐದು ಪೈರಿನ ಕುಡಿಗಳು ಮೇಲಕ್ಕೆ ಚಿಗುರಿರುತ್ತವೆ. ಕಡಿದಲ್ಲೇ ಚಿಗುರುವ ಪೈರನ್ನು ಕಂಡ ರೈತರಿಗೆ ಇದಕ್ಕಿಂತ ಸರಿಯಾದ ಕಾವಲು ದೇವರು ಇನ್ನೊಬ್ಬ ಸಿಕ್ಕಲಾರ ಎಂದು ನನಗನ್ನಿಸುತ್ತದೆ.

ದೇವಿ ಚೌಕದೊಳಗೆ ಬಂದು ಕೂತಮೇಲೆಯೇ ಮದುವೆ ಮದುವೆ ಎನಿಸಿಕೊಳ್ಳುತ್ತದೆ. ಮದುವೆ ನಡೆಸಿಕೊಡುವವಳು ಧವಲೇರಿ ಎಂಬ ಹೆಂಗಸು. ಪುರೋಹಿತರಿಲ್ಲ, ಪುಸ್ತಕವಿಲ್ಲ. ದೇವರುಗಳನ್ನೆಲ್ಲ ಹೆಸರು ಹಿಡಿದು ಹಾಡಿ ಕರೆಯುವುದೇ ಅವಳ ಶಾಸ್ತ್ರ. ಧವಳ ಎಂದರೆ ಮದುವೆಯ ಹಾಡು. ಹಳೆಯ ಮರಾಠಿಯಲ್ಲೂ ಹಳಗನ್ನಡದಲ್ಲೂ ಆ ಮಾತಿದೆ, ನಮ್ಮ ಸೋಬಾನೆಯ ದಾಯಾದಿ ಅದು. ಮೈಮೇಲೆ ದೇವರು ಬರುವ, ರೋಗಕ್ಕೆ, ಮಳೆಗೆ ಕಣಿ ಹೇಳುವ ಭಗತ ಎಂಬವನು ಗಂಡಸು. ಮದುವೆಯ ಗೋಡೆಯೂ ಮದುವೆಯ ಹಾಡೂ ಮಾತ್ರ ಹೆಂಗಸರ ಕೈಯಲ್ಲೇ ಇವೆ.

ಕನ್ನಡದವರಿಗೆ ಇದು ಹೊಸದಾಗಿ ಕಾಣಬಾರದು. ಸಾಗರ, ಸೊರಬ, ಸಿದ್ದಾಪುರದ ಕಡೆ ದೀವರ ಮನೆಗಳಲ್ಲಿ ಮದುವೆಗೆ ಹಸೆಗೋಡೆ ಚಿತ್ತಾರ ಬರೆಯುತ್ತಾರೆ. ಅಲ್ಲಿಯೂ ಕೆಮ್ಮಣ್ಣಿನ ನೆಲ, ಅಕ್ಕಿಯ ಬಿಳಿ, ಹೆಂಗಸರ ಕೈ. ಮದುಮಕ್ಕಳು ಕೂರುವ ಜಾಗದ ಹಿಂದಿನ ಗೋಡೆಗೇ ಆ ಚಿತ್ತಾರ. ಹಸೆಗೆ ಕರೆಯುವುದು, ಹಸೆಮಣೆ ಏರುವುದು ಎಂಬ ಮಾತುಗಳನ್ನು ಆಡುವ ನಮಗೆ ಗೋಡೆಯ ಮೇಲಿನ ಚೌಕ ಮದುವೆಯಲ್ಲಿ ಏನು ಕೆಲಸ ಮಾಡುತ್ತದೆ ಎಂಬುದು ಸುಲಭವಾಗಿ ತಿಳಿಯಬೇಕು. ವ್ಯತ್ಯಾಸಗಳೂ ಇವೆ. ಚಿತ್ತಾರದ ಕುಂಚ ಪುಂಡಿನಾರಿನದು, ವಾರ್ಲಿಯದು ಬಿದಿರುಕಡ್ಡಿ. ಚಿತ್ತಾರದಲ್ಲಿ ಗುರಿಗೆ ಕಾಯಿಯ ಹಳದಿಯೂ ಹುರಿದ ಅಕ್ಕಿಯ ಕಪ್ಪೂ ಸೇರುತ್ತವೆ, ವಾರ್ಲಿಯಲ್ಲಿ ಬಿಳಿಯೊಂದೇ, ಅಪರೂಪಕ್ಕೆ ಶುಭಕ್ಕೆಂದು ಅರಿಸಿನ ಕುಂಕುಮದ ಬೊಟ್ಟು. ಚಿತ್ತಾರದ ಎಳೆ ಅಳತೆ ಹಿಡಿದು ನೇರ ಹೋಗುತ್ತದೆ, ವಾರ್ಲಿಯ ಗೆರೆ ಬರಿಗೈಯಲ್ಲಿ ಸ್ವಲ್ಪ ನಡುಗುತ್ತ ಹೋಗುತ್ತದೆ. ಇವೆರಡೂ ಒಂದೇ ಕಲೆ ಅಲ್ಲ. ನಮ್ಮ ಕೆಲವು ಶಾಲೆಗಳಲ್ಲಿ ಚಿತ್ತಾರವನ್ನು ತೋರಿಸಿ 'ವಾರ್ಲಿ' ಎನ್ನುವುದುಂಟು. ಅದು ಎರಡೂ ಕಡೆಯವರಿಗೆ ಮಾಡುವ ಅನ್ಯಾಯ.

ಈಗ ಕೆಲಸದ ವಿಷಯಕ್ಕೆ ಬರುತ್ತೇನೆ. ಚಿತ್ರಕಲಾ ಶಿಕ್ಷಕರು ಬಹಳ ಮಂದಿ ಬಂದಿದ್ದೀರಿ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ವಾರ್ಲಿ ಮನೆಯ ಗೋಡೆ ಇಟ್ಟಿಗೆಯದಲ್ಲ. ಕಾರ್ವಿ ಎಂಬ ಗಿಡದ ಕಡ್ಡಿಗಳನ್ನು ಸಾಲಾಗಿ ಕಟ್ಟಿ, ಎರಡೂ ಕಡೆ ಮಣ್ಣು ಸಗಣಿ ಮೆತ್ತಿದ್ದು. ಕಾರ್ವಿ ನೀಲಕುರಿಂಜಿಯ ಬಳಗದ್ದೇ, ಏಳೆಂಟು ವರ್ಷಕ್ಕೊಮ್ಮೆ ಹೂಬಿಟ್ಟು ಸಾಯುವ ಗಿಡ. ಕಡ್ಡಿಗಳು ಬಾಗಿದ ಹಾಗೆ ಗೋಡೆಯೂ ಅಲ್ಲಲ್ಲಿ ಉಬ್ಬಿ ತಗ್ಗುತ್ತದೆ. ಅದರ ಮೇಲೆ ಸ್ಕೇಲಿಟ್ಟು ಗೆರೆ ಎಳೆಯಲು ಆಗುವುದೇ ಇಲ್ಲ. ವಾರ್ಲಿ ಗೆರೆಯ ನಡುಕಕ್ಕೆ ಅರ್ಧ ಕಾರಣ ಈ ಗೋಡೆಯೇ. ಕಾಗದದ ಮೇಲೆ ಸ್ಕೇಲು, ಕಂಪಾಸು ಹಿಡಿದು ಬರೆದ ವಾರ್ಲಿ ಚಿತ್ರ ಜೀವವಿಲ್ಲದಂತೆ ಕಾಣುವುದು ಇದರಿಂದಲೇ.

ನೀವು ಮಣ್ಣಿನ ಗೋಡೆಗೆ ಅಥವಾ ಮಣ್ಣು ಬಳಿದ ಹಲಗೆಗೆ ಮಾಡುವುದಾದರೆ, ಜರಡಿ ಹಿಡಿದ ಕೆಂಪುಮಣ್ಣು ಮೂರು ಪಾಲು, ಹಸಿ ಸಗಣಿ ಒಂದು ಪಾಲು, ದೋಸೆ ಹಿಟ್ಟಿಗಿಂತ ಗಟ್ಟಿಯಾಗುವಷ್ಟು ನೀರು. ಕಲಸಿ ಒಂದು ರಾತ್ರಿ ಬಿಡಿ. ಒಣಗಿದಾಗ ಮೇಲ್ಮೈ ಸೀಳಿದರೆ ಮಣ್ಣಿನಲ್ಲಿ ಜೇಡಿ ಹೆಚ್ಚಿದೆ ಎಂದರ್ಥ. ಸ್ವಲ್ಪ ಸಣ್ಣ ಮರಳನ್ನೋ ಇನ್ನಷ್ಟು ಸಗಣಿಯನ್ನೋ ಸೇರಿಸಿ. ಸಗಣಿ ಅತಿಯಾದರೆ ಹುಲ್ಲಿನ ಎಳೆ ಎದ್ದು ನಿಂತು ಕಡ್ಡಿಯ ತುದಿಗೆ ಸಿಕ್ಕಿ ಗೆರೆ ಹರಿಯುತ್ತದೆ. ಪೂರ್ತಿ ಒಣಗಿದ ಮೇಲೆ ಜಾಜನ್ನು ನೀರಿನಲ್ಲಿ ಕಲಸಿ, ಸ್ವಲ್ಪ ಅಂಟು ಬೆರೆಸಿ, ಬಟ್ಟೆಯಿಂದ ತೆಳ್ಳಗೆ ಒರೆಸಿದಂತೆ ಬಳಿಯಬೇಕು. ಅಂಟಿಲ್ಲದ ಜಾಜು ಕೈಗೆ ಹತ್ತುತ್ತದೆ. ಅದರ ಮೇಲೆ ಬಿಳಿ ಎಳೆದರೆ ಒದ್ದೆಗೆ ಕೆಂಪು ಕರಗಿ ಗೆರೆ ಗುಲಾಬಿಯಾಗುತ್ತದೆ. ಒಣಗಿದ ಜಾಜಿನ ಮೇಲೆ ಅಂಗೈಯಿಂದ ಒಮ್ಮೆ ಉಜ್ಜಿ ನೋಡಿ. ಕೈ ಕೆಂಪಾದರೆ ಇನ್ನೂ ಬರೆಯುವ ಹೊತ್ತಾಗಿಲ್ಲ.

ಬಟ್ಟೆಯ ಮೇಲಾದರೆ ಕೋರಾ ಬಟ್ಟೆ ಒಳ್ಳೆಯದು. ಮೊದಲು ಬಿಸಿನೀರಿನಲ್ಲಿ ಒಗೆದು ಗಂಜಿ ತೆಗೆಯಿರಿ, ಇಲ್ಲದಿದ್ದರೆ ಬಣ್ಣ ಹೀರುವುದಿಲ್ಲ. ಎರಡು ಅಡಿಗೆ ಮೂರು ಅಡಿಯ ತುಂಡಿಗೆ ಒಂದು ಬೊಗಸೆ ಸಗಣಿ ಸಾಕು. ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಎರಡು ಚಮಚ ಅಂಟು ಹಾಕಿ ಬಳಿಯುವುದು. ಒಂದು ಸಲ ಉದ್ದಕ್ಕೆ, ಒಣಗಿದ ಮೇಲೆ ಇನ್ನೊಂದು ಸಲ ಅಡ್ಡಕ್ಕೆ. ಹಸಿರು ಛಾಯೆಯ ಕಂದು ಬಣ್ಣ ಬರುತ್ತದೆ, ವಾಸನೆ ಎರಡು ದಿನದಲ್ಲಿ ಹೋಗುತ್ತದೆ.

ಇನ್ನು ಬಿಳಿ. 100 ಗ್ರಾಂ ಬೆಳ್ತಿಗೆ ಅಕ್ಕಿ ತೆಗೆದುಕೊಳ್ಳಿ, ನುಚ್ಚಾದರೂ ನಡೆಯುತ್ತದೆ. ಕುಚ್ಚಲಕ್ಕಿ ಬೇಡ, ಅದು ಬೆಳ್ಳಗಾಗದೆ ಹಳದಿ ಬೀಳುತ್ತದೆ. ಐದಾರು ಗಂಟೆ ನೆನೆಸಿ, ತೀರ ಕಡಿಮೆ ನೀರಿನಲ್ಲಿ ನುಣ್ಣಗೆ ಅರೆಯಿರಿ. ಬೆರಳ ತುದಿಯಲ್ಲಿ ಉಜ್ಜಿದರೆ ರವೆ ಸಿಗಬಾರದು. ತೆಳುಬಟ್ಟೆಯಲ್ಲಿ ಸೋಸಿ ಅರ್ಧ ಗಂಟೆ ಬಿಟ್ಟರೆ ಹಿಟ್ಟು ತಳಕ್ಕೆ ಕೂರುತ್ತದೆ, ಮೇಲಿನ ತಿಳಿನೀರು ಚೆಲ್ಲಿಬಿಡಿ. ಉಳಿದದ್ದಕ್ಕೆ ಒಂದು ಚಮಚ ಮರದಂಟಿನ ನೀರು. ಇಲ್ಲಿ ಬಹಳ ಜನ ತಪ್ಪುತ್ತಾರೆ. ಅಕ್ಕಿಯೇ ಅಂಟಲ್ಲವೇ, ಬೇರೆ ಅಂಟು ಯಾಕೆ ಎಂದು ಕೇಳುತ್ತಾರೆ. ಬೇಯಿಸಿದ ಅಕ್ಕಿ ಅಂಟು, ಹಸಿ ಅಕ್ಕಿಹಿಟ್ಟು ಅಂಟಲ್ಲ. ಅಂಟು ಹಾಕದಿದ್ದರೆ ಒಣಗಿದ ಗೆರೆ ಸುಣ್ಣದ ಪುಡಿಯಂತೆ ಉದುರುತ್ತದೆ. ಹಾಗೆಂದು ಗಂಜಿ ಬೆರೆಸಿದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.

ಹದ ನೋಡುವುದು ಹೀಗೆ: ಕಡ್ಡಿ ಅದ್ದಿ ಎತ್ತಿದರೆ ಒಂದು ಹನಿ ಬೀಳಬೇಕು, ಎರಡನೆಯದು ತುದಿಯಲ್ಲೇ ನಿಲ್ಲಬೇಕು. ಕಡ್ಡಿ ಎಂದರೆ ಹಸಿ ಬಿದಿರಿನ ಸೀಳು, ಗೇಣುದ್ದ, ಬೆಂಕಿಕಡ್ಡಿಗಿಂತ ಕೊಂಚ ದಪ್ಪ. ಒಂದು ತುದಿಯನ್ನು ಹಲ್ಲಿನಲ್ಲಿ ಅಗಿದು ಬೇವಿನ ಕಡ್ಡಿಯಂತೆ ನಾರು ಬಿಡಿಸಿಕೊಳ್ಳಬೇಕು, ಸುಮಾರು ಒಂದು ಸೆಂಟಿಮೀಟರ್. ನಾರು ಹೆಚ್ಚು ಉದ್ದವಾದರೆ ತುದಿ ಮಗುಚಿಕೊಳ್ಳುತ್ತದೆ. ಗೆರೆಗೆ ತೆಳುವಾದದ್ದು ಒಂದು, ತ್ರಿಕೋನ ತುಂಬಲು ದಪ್ಪನೆಯದು ಒಂದು, ಚುಕ್ಕೆಗೆ ಅಗಿಯದ ಬರಿ ಕಡ್ಡಿ ಒಂದು, ಇಷ್ಟಿದ್ದರೆ ಆಯಿತು. ಬಟ್ಟಲಲ್ಲಿ ಹಿಟ್ಟು ಮತ್ತೆ ಮತ್ತೆ ತಳ ಹಿಡಿಯುತ್ತದೆ, ಪ್ರತಿ ಸಲ ಅದ್ದುವಾಗಲೂ ಕದಡಿಯೇ ಅದ್ದಬೇಕು. ಇಲ್ಲದಿದ್ದರೆ ಒಂದು ಗೆರೆ ನೀರು, ಇನ್ನೊಂದು ಗೆರೆ ಗಟ್ಟಿ.

ಇನ್ನೊಂದು ಸೂಕ್ಷ್ಮವನ್ನು ಹತ್ತಿರದಿಂದ ನೋಡಿದರೇ ತಿಳಿಯುವುದು. ಅಕ್ಕಿಹಿಟ್ಟಿನ ಗೆರೆ ಎಳೆದ ಕ್ಷಣಕ್ಕೆ ಬಿಳಿಯಾಗಿ ಕಾಣುವುದಿಲ್ಲ. ಮಸುಕು ನೀರಿನ ಗೀರಿನಂತೆ, ಕೆಳಗಿನ ಕೆಂಪು ಹಾಗೇ ಕಾಣುವಂತೆ ಇರುತ್ತದೆ. ಮೂರು ನಾಲ್ಕು ನಿಮಿಷ ಕಳೆದು ನೀರಾರುತ್ತ ಬಂದಂತೆ ಗೆರೆಯ ಅಂಚಿನಿಂದ ಬಿಳುಪು ಮೂಡುತ್ತದೆ, ಆಮೇಲೆ ನಡುವಿಗೆ ಹರಡುತ್ತದೆ. ಹೊಸಬರು ಆ ಮೂರು ನಿಮಿಷ ಕಾಯುವುದಿಲ್ಲ. ಬಣ್ಣ ಹತ್ತಲಿಲ್ಲವೆಂದು ಅದರ ಮೇಲೆಯೇ ಇನ್ನೆರಡು ಸಲ ತಿದ್ದುತ್ತಾರೆ. ಒಣಗಿದ ಮೇಲೆ ಅದು ಹಕ್ಕಳೆಯಂತೆ ದಪ್ಪಗಾಗಿ, ಬಿರಿದು, ಕೆಳಗಿನ ಜಾಜನ್ನೂ ಕಿತ್ತುಕೊಂಡು ಬೀಳುತ್ತದೆ. ವಾರ್ಲಿ ಹೆಂಗಸರು ಒಂದು ಗೆರೆ ಎಳೆದು ಮುಂದೆ ಹೋಗುತ್ತಾರೆ, ಹಿಂದಿರುಗಿ ನೋಡುವುದಿಲ್ಲ. ಕೈ ಪಳಗಿದ್ದು ಮಾತ್ರ ಇದಕ್ಕೆ ಕಾರಣವಲ್ಲ, ಆ ಹಿಟ್ಟಿನ ಸ್ವಭಾವವೇ ಅದನ್ನು ಕಲಿಸುತ್ತದೆ.

ಈ ಅಕ್ಕಿಗೆ ಇನ್ನೊಂದು ಹೆಸರಿದೆ. ವಾರ್ಲಿಗಳಿಗೆ ಧಾನ್ಯವೇ ಕಣಸರಿ ದೇವಿ. ಗದ್ದೆಯಲ್ಲಿ ಪೈರಾಗಿ ನಿಂತವಳು, ಕಣಜದಲ್ಲಿ ಕಾಳಾಗಿ ಇರುವವಳು, ಮದುವೆಯ ಗೋಡೆಯ ಮೇಲೆ ಗೆರೆಯಾಗಿ ಮೂಡುವವಳು ಒಬ್ಬಳೇ. ಹೀಗಿರುವಾಗ ಅಂಗಡಿಯ ಬಿಳಿ ಬಣ್ಣ ಅಗ್ಗವೂ ಬಾಳಿಕೆಯೂ ಆದರೂ ಚೌಕಕ್ಕೆ ಅಕ್ಕಿಯೇ ಯಾಕೆ ಎಂಬುದನ್ನು ಕೇಳಬೇಕಾಗಿಲ್ಲ. ಮಾರಾಟದ ಚಿತ್ರಗಳಿಗೆ ಅವರೂ ಪೋಸ್ಟರ್ ಬಣ್ಣ, ಅಕ್ರಿಲಿಕ್ ಬಳಸುತ್ತಾರೆ. ಅದು ಸರಿಯೇ. ಅಕ್ಕಿಹಿಟ್ಟಿನ ಚಿತ್ರವನ್ನು ದೂರದ ಊರಿನ ಗಿರಾಕಿಗೆ ಕೊಟ್ಟರೆ ಜಿರಲೆ, ಬೆಳ್ಳಿಮೀನು ಹುಳ ಎರಡೇ ವರ್ಷದಲ್ಲಿ ತಿಂದು ಮುಗಿಸುತ್ತವೆ.

ಆಕೃತಿಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ. ವೃತ್ತ ಸೂರ್ಯ ಚಂದ್ರರಿಂದ, ತ್ರಿಕೋನ ಬೆಟ್ಟ, ಮರದ ತುದಿಗಳಿಂದ ಬಂತು, ಚೌಕ ಮಾತ್ರ ಮನುಷ್ಯ ಮಾಡಿಕೊಂಡ ಪವಿತ್ರ ಜಾಗ ಎಂದು ಹೇಳುವ ವಾಡಿಕೆಯಿದೆ. ಮನುಷ್ಯನ ಮೈ ಎಂದರೆ ತುದಿಗೆ ತುದಿ ತಾಗಿದ ಎರಡು ತ್ರಿಕೋನ. ಮೇಲಿನದು ಎದೆ ಹೆಗಲು, ಕೆಳಗಿನದು ಸೊಂಟ. ಎರಡೂ ತಾಗುವ ಆ ಬಿಂದುವಿನಲ್ಲೇ ಇಡೀ ಚಲನೆ ಇದೆ. ಮೇಲಿನ ತ್ರಿಕೋನವನ್ನು ಕೊಂಚ ಮುಂದಕ್ಕೆ ಓರೆ ಮಾಡಿದರೆ ಆಳು ನಾಟಿಗೆ ಬಗ್ಗುತ್ತಾನೆ, ಹಿಂದಕ್ಕೆ ಮಾಡಿದರೆ ಹೊರೆ ಹೊತ್ತು ನಿಲ್ಲುತ್ತಾನೆ. ಮಕ್ಕಳು ಮಾಡುವ ಸಾಮಾನ್ಯ ತಪ್ಪು ಎರಡನ್ನೂ ಒಂದೇ ನೇರಕ್ಕೆ ನಿಲ್ಲಿಸುವುದು. ಆಗ ಎಲ್ಲರೂ ಕವಾಯತಿಗೆ ನಿಂತ ಹಾಗೆ ಕಾಣುತ್ತಾರೆ. ಇನ್ನೊಂದು ತಪ್ಪು ಆ ಸಂದನ್ನು ದಪ್ಪ ಮಾಡುವುದು. ಸೊಂಟ ದಪ್ಪವಾದರೆ ಬಾಗುವಿಕೆ ಹೋಯಿತು. ತಲೆಯ ಹಿಂದೆ ಪುಟ್ಟ ಗುಂಡು ಇಟ್ಟರೆ ತುರುಬು, ಅಂದರೆ ಹೆಂಗಸು. ಮುಖಕ್ಕೆ ಕಣ್ಣು ಮೂಗು ಬಾಯಿ ಇಲ್ಲ. ಯಾವ ಕಡೆ ನಡೆಯುತ್ತಿದ್ದಾರೆ ಎಂಬುದನ್ನು ಪಾದ ಹೇಳುತ್ತದೆ. ದಿಗಂತದ ಗೆರೆ ಇಲ್ಲ, ದೂರದ್ದು ಚಿಕ್ಕದು ಹತ್ತಿರದ್ದು ದೊಡ್ಡದು ಎಂಬ ಲೆಕ್ಕ ಇಲ್ಲ. ಗದ್ದೆಯನ್ನು ಮೇಲಿನಿಂದ, ಎತ್ತನ್ನು ಪಕ್ಕದಿಂದ, ಮನೆಯನ್ನು ಗೋಡೆ ದಾಟಿ ಒಳಗಿನಿಂದ, ಮೂರನ್ನೂ ಒಂದೇ ಸಲ ತೋರಿಸುತ್ತಾರೆ.

ಎಡಗಡೆಯ ಚಿತ್ರದ ವಾದ್ಯದ ಹೆಸರು ತಾರಪಾ. ಒಣಗಿಸಿದ ಸೋರೆಬುರುಡೆ ಗಾಳಿ ತುಂಬುವ ಭಾಗ, ಅದಕ್ಕೆ ಜೇನುಮೇಣದಲ್ಲಿ ಕೂರಿಸಿದ ಎರಡು ಬಿದಿರ ಕೊಳವೆ, ತುದಿಗೆ ತಾಳೆಗರಿ ಸುತ್ತಿ ಮಾಡಿದ ಕಹಳೆ. ಊದುವವನು ಕೆನ್ನೆ ಉಬ್ಬಿಸಿ ಉಸಿರು ಕಡಿಯದಂತೆ ಊದುತ್ತಾನೆ. ಭತ್ತ ಮಾಗುವ ಹೊತ್ತಿಗೆ, ಸುಗ್ಗಿಯ ದಿನಗಳಲ್ಲಿ ಇದರ ಕಾಲ. ಕುಣಿಯುವವರು ಕೈಗೆ ಕೈ ಹೆಣೆದು ಅವನ ಸುತ್ತ ಸುತ್ತುತ್ತಾರೆ. ತಾರಪಾಕ್ಕೆ ಬೆನ್ನು ತೋರಿಸಬಾರದು. ಚಿತ್ರದಲ್ಲಿ ಆ ಸಾಲು ಸುರುಳಿಯಾಗಿರಬೇಕು, ಒಂದು ತುದಿ ಬಿಚ್ಚಿಕೊಂಡಿರಬೇಕು, ಅಲ್ಲಿಗೆ ಇನ್ನೊಬ್ಬರು ಬಂದು ಸೇರಿಕೊಳ್ಳಬಹುದು. ಟ್ರೇಗಳ ಮೇಲೆ ಕಾಣುವಂತೆ ಅದನ್ನು ಕಂಪಾಸಿನ ವೃತ್ತ ಮಾಡಿ ಮುಚ್ಚಿದರೆ ಕುಣಿತ ಹೋಗಿ ಬಳೆ ಉಳಿಯುತ್ತದೆ. ಬರೆಯುವಾಗ ಮೊದಲು ಊದುವವನನ್ನು ಬರೆಯಿರಿ, ಆಮೇಲೆ ಒಳಗಿನಿಂದ ಹೊರಗೆ ಒಬ್ಬೊಬ್ಬರನ್ನೇ ಸೇರಿಸುತ್ತ ಹೋಗಿ. ಹೊರಗಿನಿಂದ ಶುರುಮಾಡಿದವರಿಗೆ ಕೊನೆಗೆ ನಡುವೆ ಜಾಗ ಸಾಲದೆ ತಾರಪಾ ಮೊಟಕಾಗುತ್ತದೆ.

ಈ ಕಲೆ ಎಷ್ಟು ಹಳೆಯದು ಎಂಬ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ. ಕೆಲವರು ಸಾವಿರ ವರ್ಷ ಎನ್ನುತ್ತಾರೆ, ಕೆಲವರು ಮಧ್ಯಪ್ರದೇಶದ ಭೀಮಬೇಟ್ಕಾದ ಬಂಡೆಚಿತ್ರಗಳನ್ನು ತೋರಿಸಿ ಹತ್ತಾರು ಸಾವಿರ ಎನ್ನುತ್ತಾರೆ. ಆಕೃತಿಗಳಲ್ಲಿ ಹೋಲಿಕೆ ಇರುವುದು ನಿಜ. ಆದರೆ ಹೋಲಿಕೆ ವಯಸ್ಸಿಗೆ ಸಾಕ್ಷಿಯಲ್ಲ. ಮುಂದಿನ ಸಲ ಗೋಡೆ ಸಾರಿಸಿದಾಗ ಮುಚ್ಚಿಹೋಗಲೆಂದೇ ಬರೆಯುವ ಚಿತ್ರಕ್ಕೆ ಹಳೆಯ ಗೋಡೆ ಉಳಿಯುವುದೆಲ್ಲಿ? ಉಳಿದು ಬಂದಿರುವುದು ತಾಯಿಯ ಕೈಯಿಂದ ಮಗಳ ಕೈಗೆ ದಾಟಿದ ಅಭ್ಯಾಸ. ಅದಕ್ಕೆ ಇಸವಿ ಹಾಕಿ ಬೋರ್ಡು ಬರೆಯುವುದನ್ನು ನಾನು ಒಪ್ಪುವುದಿಲ್ಲ.

ಇಸವಿ ಹಾಕಬಹುದಾದ ಒಂದು ಸಂಗತಿಯನ್ನು ಮಾತ್ರ ಕಲೆಯ ಬಗ್ಗೆ ಮಾತಾಡುವವರು ಬಿಟ್ಟುಬಿಡುತ್ತಾರೆ. ಈ ಮದುವೆಗಳಿಗೆ ಹಣ ಎಲ್ಲಿಂದ ಬರುತ್ತಿತ್ತು? ಜಮೀನೆಲ್ಲ ಸಾಹುಕಾರರ ಪಾಲಾದ ಮೇಲೆ ವಾರ್ಲಿ ಹುಡುಗ ಮದುವೆಗೆಂದು ಒಡೆಯನ ಹತ್ತಿರ ಸಾಲ ಮಾಡುತ್ತಿದ್ದ. ಆ ಸಾಲಕ್ಕೆ ಗಂಡ ಹೆಂಡತಿ ಇಬ್ಬರೂ ಒಡೆಯನ ಹೊಲದಲ್ಲಿ ವರ್ಷಗಟ್ಟಲೆ ಜೀತ ಮಾಡಬೇಕು. ಅವನಿಗೆ 'ಲಗ್ನಗಡೀ' ಎಂದೇ ಹೆಸರು, ಮದುವೆಯ ಆಳು. ಫಲದ ದೇವಿಯ ಚೌಕದ ಮುಂದೆ ಕೈಹಿಡಿದವರು ಮರುದಿನದಿಂದ ಜೀತಕ್ಕೆ. 1945ರಲ್ಲಿ ಕಮ್ಯುನಿಸ್ಟ್ ಮುಖಂಡರಾದ ಗೋದಾವರಿ ಮತ್ತು ಶ್ಯಾಮರಾವ್ ಪರುಳೇಕರ್ ಅವರು ಕಿಸಾನ್ ಸಭಾ ಎಂಬ ರೈತ ಸಂಘಟನೆಯ ಮೂಲಕ ಇವರನ್ನು ಒಗ್ಗೂಡಿಸಿದರು. ತಲಾಸರಿ, ಡಹಾಣೂ, ಉಂಬರ್‌ಗಾಂವ್ ಪ್ರದೇಶದಲ್ಲಿ ಜೀತವೂ ಬಿಟ್ಟಿಯೂ ಬೇಡವೆಂದು ವಾರ್ಲಿಗಳು ಎದ್ದು ನಿಂತರು. ಅದೇ ವರ್ಷ ಅಕ್ಟೋಬರ್ 10ರಂದು ತಲವಾಡಾದಲ್ಲಿ ಪೊಲೀಸರ ಗುಂಡಿಗೆ ಐವರು ಬಲಿಯಾದರು. ಹೋರಾಟ ನಿಲ್ಲಲಿಲ್ಲ, ಜೀತದ ಪದ್ಧತಿ ಮುರಿಯಿತು. ವಾರ್ಲಿ ಎಂದರೆ ಕುಣಿಯುವ ಮುಗ್ಧ ಜನ ಎಂದು ಬರೆಯುವವರು ಈ ಹೋರಾಟವನ್ನೂ ಓದಿಕೊಳ್ಳಬೇಕು.

ಚಿತ್ರ ಗೋಡೆಯಿಂದ ಕಾಗದಕ್ಕೆ ಬಂದದ್ದು 1970ರ ದಶಕದ ಆರಂಭದಲ್ಲಿ. ದೇಶದ ಕರಕುಶಲ ಕಲೆಗಳಿಗಾಗಿ ದುಡಿದ ಪುಪುಲ್ ಜಯಕರ್ ಅವರ ಪ್ರೋತ್ಸಾಹದಿಂದ ಬಿಹಾರದ ಮಿಥಿಲೆಯಲ್ಲಿ ಗೋಡೆಚಿತ್ರ ಬರೆಯುತ್ತಿದ್ದ ಹೆಂಗಸರಿಗೆ ಕಾಗದ ಒಯ್ದು ಕೊಟ್ಟಿದ್ದ ಕಲಾವಿದ ಭಾಸ್ಕರ್ ಕುಲಕರ್ಣಿ ಡಹಾಣೂ ಕಡೆಗೂ ಬಂದರು. ಅವರಿಗೆ ಗಂಜಾಡ್ ಊರಿನ ಜಿವ್ಯಾ ಸೋಮಾ ಮಶೆ ಸಿಕ್ಕರು. ಮಶೆ ಗಂಡಸು, ಮೇಲಾಗಿ ಮದುವೆ ಇದ್ದರೂ ಇಲ್ಲದಿದ್ದರೂ ದಿನವೂ ಬರೆಯುತ್ತಿದ್ದವರು. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡು ಮಾತು ಬಿಟ್ಟು, ಮಣ್ಣಿನಲ್ಲಿ ಚಿತ್ರ ಗೀರಿಯೇ ಬೇಕಾದ್ದನ್ನು ಹೇಳುತ್ತಿದ್ದ ಹುಡುಗ ಅವರು. 1975ರಲ್ಲಿ ಮುಂಬೈಯ ಕೆಮೋಲ್ಡ್ ಗ್ಯಾಲರಿಯಲ್ಲಿ ಪ್ರದರ್ಶನ, 1976ರಲ್ಲಿ ರಾಷ್ಟ್ರಪ್ರಶಸ್ತಿ, 1989ರಲ್ಲಿ ಪ್ಯಾರಿಸ್ಸಿನ ದೊಡ್ಡ ಪ್ರದರ್ಶನ, 2011ರಲ್ಲಿ ಪದ್ಮಶ್ರೀ. 2018ರಲ್ಲಿ ತೀರಿಕೊಂಡರು. ಅವರ ಮೀನುಬಲೆಯ ಚಿತ್ರವನ್ನು ಸಿಕ್ಕರೆ ಹತ್ತಿರ ನಿಂತು ನೋಡಿ. ಕೂದಲೆಳೆಯಂಥ ಗೆರೆಗಳಲ್ಲಿ ಇಡೀ ಬಟ್ಟೆಯ ತುಂಬ ಬಲೆ ಹರಡಿದೆ, ಒಂದು ಕಣ್ಣಿಯ ಹಾಗೆ ಇನ್ನೊಂದಿಲ್ಲ, ಬಲೆ ಗಾಳಿಗೆ ತೂಗುವ ಹಾಗಿರುತ್ತದೆ. ಸ್ಕೇಲಿನಿಂದ ಬರೆದಿದ್ದರೆ ಅದು ಜಾಲರಿ ಆಗುತ್ತಿತ್ತು, ಬಲೆ ಆಗುತ್ತಿರಲಿಲ್ಲ.

ಕಾಗದಕ್ಕೆ ಬಂದಾಗ ಲಾಭವೂ ಆಯಿತು, ನಷ್ಟವೂ ಆಯಿತು. ಬಡ ಕುಟುಂಬಗಳಿಗೆ ದುಡಿಮೆಯ ಹೊಸ ದಾರಿ ಸಿಕ್ಕಿತು. ಕಥೆಗಳು, ಕಾಡು, ಈಗಿನ ರೈಲು, ಕಾರ್ಖಾನೆ, ಕಡಿದ ಮರಗಳು ಎಲ್ಲ ಚಿತ್ರದೊಳಗೆ ಬಂದವು. ಮುಂಬೈಯ ಆರೇ ಕಾಡಿನೊಳಗೂ ವಾರ್ಲಿ ಪಾಡಾಗಳಿವೆ. 2019ರಲ್ಲಿ ಮೆಟ್ರೊ ಶೆಡ್ಡಿಗೆ ಅಲ್ಲಿ ಮರ ಕಡಿದಾಗ ಎಷ್ಟೋ ಜನ ನಗರವಾಸಿಗಳಿಗೆ ವಾರ್ಲಿಗಳು ಇನ್ನೂ ಇದ್ದಾರೆ ಎಂಬುದೇ ಹೊಸ ಸುದ್ದಿಯಾಯಿತು. ನಷ್ಟವೆಂದರೆ, ಮುತ್ತೈದೆಯರ ಕೈಯಲ್ಲಿದ್ದ ಕಲೆ ಮಾರುಕಟ್ಟೆಯಲ್ಲಿ ಬಹುಮಟ್ಟಿಗೆ ಗಂಡಸರ ಹೆಸರಿನಲ್ಲಿ ನಡೆಯಿತು. ಚೌಕ ಬರೆದ ಹೆಂಗಸರ ಹೆಸರುಗಳು ಹೆಚ್ಚಾಗಿ ದಾಖಲಾಗಲಿಲ್ಲ. ಇನ್ನೊಂದು, ಬೇರೆಯವರು ಯಂತ್ರದಲ್ಲಿ ಮುದ್ರಿಸಿದ ಬೆಡ್‌ಶೀಟಿಗೂ 'ವಾರ್ಲಿ' ಎಂಬ ಹೆಸರು ಅಂಟಿತು. ವಾರ್ಲಿ ಚಿತ್ರಕಲೆಗೆ ಭೌಗೋಳಿಕ ಗುರುತು, ಅಂದರೆ ಜಿಐ, 2014ರಲ್ಲಿ ದೊರೆತಿದೆ. ಮೈಸೂರು ರೇಷ್ಮೆಗೆ ಇರುವಂಥದ್ದೇ ಇದು. ಆ ಪ್ರದೇಶದ ಕಲಾವಿದರು ಬರೆದದ್ದನ್ನಷ್ಟೇ ಆ ಹೆಸರಿನಲ್ಲಿ ಮಾರಬೇಕು. ಕಾನೂನು ಇದ್ದರೂ ಗಿರಾಕಿ ಕೇಳದಿದ್ದರೆ ಅಂಗಡಿಯವನು ಹೇಳುವುದಿಲ್ಲ. ಕೊಳ್ಳುವಾಗ ಬರೆದವರ ಹೆಸರೇನು, ಯಾವ ಊರು ಎಂದು ಕೇಳಿ. ಕೈಯಲ್ಲಿ ಬರೆದದ್ದಾದರೆ ಒಂದೇ ಥರದ ಎರಡು ಆಕೃತಿ ಇರುವುದಿಲ್ಲ, ಓರೆಯಾಗಿ ಬೆಳಕಿಗೆ ಹಿಡಿದರೆ ಬಿಳಿ ಗೆರೆ ಕೊಂಚ ಉಬ್ಬಿ ಕಾಣುತ್ತದೆ.

ಇಲ್ಲೊಬ್ಬರು ಚೀಟಿ ಕಳಿಸಿದ್ದಾರೆ: ಶಾಲೆಯ ಸಿಮೆಂಟು ಗೋಡೆಯ ಮೇಲೆ ಮಕ್ಕಳಿಂದ ಬರೆಸಬಹುದೇ, ಏನನ್ನು ಬರೆಸಬೇಕು?

ಧಾರಾಳವಾಗಿ ಬರೆಸಿ. ಆಯಿಲ್ ಪೇಂಟ್ ಹೊಡೆದ ಗೋಡೆಗೆ ಅಕ್ಕಿಹಿಟ್ಟು ಹಿಡಿಯುವುದಿಲ್ಲ, ಉರುಳಿ ಹನಿಯಾಗುತ್ತದೆ. ಮರಳು ಕಾಗದದಿಂದ ಉಜ್ಜಿ, ಕೆಂಪು ಡಿಸ್ಟೆಂಪರ್ ಎರಡು ಕೋಟು ಕೊಟ್ಟು, ಬಿಳಿ ಅಕ್ರಿಲಿಕ್ಕಿನಲ್ಲಿ ಬರೆಸಿ. ಕಡ್ಡಿ ಮಾತ್ರ ಬಿದಿರಿನದೇ ಇರಲಿ, ಪೇಂಟ್ ಬ್ರಷ್ಷು ಕೊಟ್ಟರೆ ಗೆರೆ ದಪ್ಪಗಾಗಿ ಸೊಂಟದ ಸಂದು ಮುಚ್ಚಿಹೋಗುತ್ತದೆ. ಪಾಲಘಟ ದೇವಿಯ ಚೌಕವನ್ನು ಅಲಂಕಾರಕ್ಕೆ ಬರೆಸಬೇಡಿ. ಅದು ಒಂದು ಮನೆಯ ಮದುವೆಗೆ ಬರುವ ದೇವಿಯ ಜಾಗ, ಸೈಕಲ್ ಸ್ಟ್ಯಾಂಡಿನ ಗೋಡೆಗೆ ಅಲ್ಲ. ಅದರ ಬಗ್ಗೆ ಮಕ್ಕಳಿಗೆ ಹೇಳಿ, ಚಿತ್ರ ತೋರಿಸಿ. ಬರೆಯಲು ಅವರ ಊರನ್ನೇ ಕೊಡಿ: ನಾಟಿ, ಕಣ, ಸಂತೆ, ಬಸ್ ಸ್ಟ್ಯಾಂಡು, ಅಡಿಕೆ ಸುಲಿಯುವವರು. ಕೆಳಗೆ ಒಂದು ಮೂಲೆಯಲ್ಲಿ 'ಪಾಲ್ಘರ್ ಜಿಲ್ಲೆಯ ವಾರ್ಲಿ ಜನರಿಂದ ಕಲಿತದ್ದು' ಎಂದು ಬರೆಸಿ. ಸಾಗರ, ಸೊರಬದ ಕಡೆಯ ಶಾಲೆಯಾದರೆ ಮೊದಲು ಊರಿನ ಚಿತ್ತಾರದ ಅಜ್ಜಿಯನ್ನೇ ಕರೆಸಿ, ವಾರ್ಲಿ ಆಮೇಲೆ. ಕೆಲಸ ಮುಗಿದ ಕೂಡಲೇ ಕಡ್ಡಿಗಳನ್ನು ನೀರಿನಲ್ಲಿ ತೊಳೆದು ತುದಿ ಮೇಲೆ ಮಾಡಿ ನಿಲ್ಲಿಸಿಡಿ. ಅಕ್ರಿಲಿಕ್ ಒಮ್ಮೆ ಒಣಗಿ ಹಿಡಿದರೆ ನಾರು ಬಿಡುವುದಿಲ್ಲ, ಮಾರನೆಯ ದಿನ ಹೊಸ ಬಿದಿರು ಸೀಳಬೇಕಾಗುತ್ತದೆ.